ಹೆಗ್ಗುರುತು

ನಕ್ಷೆಯ ಫಾರಂನಲ್ಲಿ ಮೂರೇ ಕಲಂ:
ರಸ್ತೆಯ ಹೆಸರು, ಕೊಳವೆಯ ಅಳತೆ, ಹತ್ತಿರದ ಹೆಗ್ಗುರುತು.
ಬರೆಯುವವಳು ನಾನು. ಹೇಳುವವರು ಮುನಿಸಂಜೀವಪ್ಪ,
ಜಲಮಂಡಳಿಯ ವಾಲ್ವ್‌ಮ್ಯಾನ್,
ನಿವೃತ್ತಿಗೆ ಇನ್ನು ಹನ್ನೊಂದು ದಿನ.
ಹೆಗಲ ಮೇಲೆ ಆಳುದ್ದದ ಕಬ್ಬಿಣದ ಕೀ,
ತುದಿ ಸವೆದು ಸವೆದು ಬೆಳ್ಳಗಾಗಿದೆ.

ಬೆಳಗಿನ ಜಾವ ನಾಲ್ಕಕ್ಕೆ ಶುರು.
ಬೀದಿ ನಾಯಿಗಳಿಗೆ ಅವರ ಗುರುತಿದೆ. ನನ್ನದಿಲ್ಲ.

‘ಇದು ಯಾವ ರಸ್ತೆ?’
‘ಎರಡನೇ ಮಹಡಿಗೆ ನೀರು ಹತ್ತದ ರಸ್ತೆ.’
ನಾಮಫಲಕದ ಮೇಲೆ ಯಾರದೋ ಹೆಸರು, ಹೊಸ ನೀಲಿ ಬಣ್ಣ,
ಅದರ ಬೆನ್ನಿಗೆ ತುಕ್ಕು ಹಿಡಿದ ಹಳೇ ಬೋರ್ಡು,
ಅದಕ್ಕೂ ಹಿಂದೆ, ಕಾಂಪೌಂಡಿನ ಕಲ್ಲಲ್ಲಿ, ಮತ್ತೊಂದು.
‘ಮೂರರಲ್ಲಿ ಯಾವುದನ್ನು ಬರೆಯಲಿ?’
‘ಯಾವುದಾದ್ರೂ ಬರೀರಿ ಮೇಡಂ,
ಹೆಸರು ಬದಲಾಯಿಸಿದ್ರೆ ಪ್ರೆಷರ್ ಬದಲಾಗಲ್ಲ.’

ಕುಂಬಾರಗುಂಡಿಯಲ್ಲಿ ಕುಂಬಾರರು ಕಾಣಲಿಲ್ಲ.
ಗುಂಡಿಗಳಿಗೇನೂ ಬರವಿರಲಿಲ್ಲ.

ಟ್ಯಾಂಕ್ ಬಂಡ್ ರೋಡಿಗೆ ಬಂದಾಗ ನನ್ನ ಪೆನ್ನು ನಿಂತಿತು.
ಹೆಸರಿನಲ್ಲಿ ಏರಿ ಇದೆ, ಕೆರೆ ಎಲ್ಲಿ?
ಅವರು ಕೀಯ ತುದಿಯಿಂದ ತೋರಿಸಿದ ಕಡೆ
ತುಮಕೂರಿನದು, ಹಾಸನದ್ದು, ಕೋಲಾರದ್ದು,
ದೀಪ ಆರಿಸಿದ ಬಸ್ಸುಗಳು ಮೂತಿಗೆ ಮೂತಿ ತಾಗಿಸಿ
ನೀರಿಗಿಳಿದ ಎಮ್ಮೆಗಳ ಹಾಗೆ ನಿಂತಿದ್ದವು.
‘ನಮ್ಮಜ್ಜಿ ಇಲ್ಲೇ ಬಟ್ಟೆ ಒಗೀತಿದ್ದಳಂತೆ.
ಯಾವ ಪ್ಲಾಟ್‌ಫಾರಂ ಅಂತ ಮಾತ್ರ ಕೇಳಬೇಡಿ.’

ಅವರಪ್ಪನೂ ಇದೇ ಕೆಲಸ.
ಹೆಸರಘಟ್ಟದ ನೀರೋ, ತಿಪ್ಪಗೊಂಡನಹಳ್ಳಿಯದೋ,
ಬೊಗಸೆ ನೀರು ಬಾಯಿಗೆ ಹಾಕಿ ಹೇಳುತ್ತಿದ್ದನಂತೆ.
‘ಕಾವೇರಿ ಬಂದ ಮೇಲೆ ಅಪ್ಪನ ನಾಲಿಗೆಗೆ ಕೆಲಸ ಹೋಯ್ತು.
ಕೈಗೆ ಹೋಗಲಿಲ್ಲ.’

ಮುಚ್ಚಳ ಎತ್ತಿದರು. ಜಿರಳೆಗಳು ಚದುರಿದವು.
ಕೀ ಇಳಿಸಿ ಎಣಿಸತೊಡಗಿದರು.
ಒಂದೊಂದು ವಾಲ್ವಿಗೆ ಒಂದೊಂದು ಲೆಕ್ಕ:
ಬಳೇಪೇಟೆ ತಿರುವಿನದಕ್ಕೆ ಇಪ್ಪತ್ತೆರಡು,
ಮಸೀದಿ ಪಕ್ಕದ್ದು ಉಲ್ಟಾ, ಎಡಕ್ಕೆ ತಿರುವಿದರೆ ಮುಚ್ಚಿಕೊಳ್ಳುತ್ತೆ,
ಗೊತ್ತಿಲ್ಲದೆ ಕೈಹಾಕಿದವನು ಮೊಣಕೈ ಮುರಿದುಕೊಂಡಿದ್ದ.
ಈ ಓಣಿಯದಕ್ಕೆ ಹದಿನೇಳು.
ಹದಿನೇಳಾಯಿತು. ಮೇಲೊಂದು ಅರ್ಧ ಸುತ್ತು.
‘ಅರ್ಧ ಯಾಕೆ?’
‘ಒಳಗೊಂದು ಹೆರಿಗೆ ಆಸ್ಪತ್ರೆ ಇತ್ತು.’
‘ಈಗ?’
‘ಈಗ ಲಾಡ್ಜು.
ಕೈಗೆ ಯಾರೂ ಹೇಳಿಲ್ಲ.’

ಸಂಪಂಗಿರಾಮನಗರದಲ್ಲಿ ಕೀಯನ್ನು ರಸ್ತೆಗೆ ಊರಿ,
ಇನ್ನೊಂದು ತುದಿಗೆ ಕಿವಿಯಿಡಲು ಹೇಳಿದರು.
ತಣ್ಣನೆಯ ಕಬ್ಬಿಣ. ಮೊದಲು ನನ್ನದೇ ನಾಡಿ.
ಆಮೇಲೆ ದೂರದಲ್ಲಿ, ಯಾರೋ ಪಿಸುಗುಟ್ಟಿದಂತೆ,
ನೀರು.
ಇಲ್ಲೊಂದು ಕೆರೆಯಿತ್ತು ಎಂದು ನಾನೂ ಓದಿದವಳು,
ಮೈ ಜುಮ್ಮೆಂದಿತು.
‘ಕೆರೆಯಲ್ಲ ಮೇಡಂ, ಸೋರಿಕೆ.
ನಾಲ್ಕಿಂಚಿನ ಪೈಪು, ಜಾಯಿಂಟ್ ಬಿಟ್ಟಿದೆ. ಬರ್ಕೊಳ್ಳಿ.’
ಬರೆದೆ.
ಬೀಡಿ ಹಚ್ಚಿ, ಕಡ್ಡಿ ಆರಿಸಿ, ಸ್ಟೇಡಿಯಂ ಕಡೆ ನೋಡಿದರು.
‘ಸೋರಿದ್ದು ಹೋಗೋದು ಮಾತ್ರ ಅಲ್ಲಿಗೇ.
ತಗ್ಗು ಎಲ್ಲಿದೆ ಅಂತ ಅದು ನಿಮ್ಮ ಫಾರಂ ನೋಡಲ್ಲ.’

ಆಫೀಸಿನಲ್ಲಿ ಕೂತು ಎಲ್ಲ ಕಂಪ್ಯೂಟರಿಗೆ ಏರಿಸಿದೆ.
ಹೆಗ್ಗುರುತು: ಹಳೇ ಹೆರಿಗೆ ಆಸ್ಪತ್ರೆ.
ಪರದೆ ಕೆಂಪಾಯಿತು. ಅಸ್ತಿತ್ವದಲ್ಲಿರುವ ಕಟ್ಟಡವನ್ನು ನಮೂದಿಸಿ.
ಲಾಡ್ಜಿನ ಹೆಸರು ಹಾಕಿದೆ. ಹಸಿರಾಯಿತು.

ಹನ್ನೆರಡನೆಯ ದಿನ ಹೊಸ ಹುಡುಗ ಬಂದ, ಗುತ್ತಿಗೆಯವನು,
ಕೈಗೆ ಗ್ಲೌಸು, ಕಿವಿಯಲ್ಲಿ ಹಾಡು.
ನಾಲ್ಕು ಗಂಟೆ. ಅದೇ ಓಣಿ, ಅದೇ ಜಿರಳೆಗಳು.
ಹದಿನೈದು, ಹದಿನಾರು, ಹದಿನೇಳು. ಕೀ ಎಳೆದುಕೊಳ್ಳಲು ಹೊರಟ.
‘ಇನ್ನರ್ಧ’ ಅಂದೆ.
‘ಶೀಟಲ್ಲಿ ಹದಿನೇಳಿದೆ.’
‘ಇರಲಿ. ಅರ್ಧ ತಿರುವು.’
ಅವನು ಗೊಣಗಿಕೊಂಡು ತಿರುವಿದ.

ಲಾಡ್ಜಿನ ಮೆಟ್ಟಿಲ ಮೇಲಿದ್ದ ಕಂದು ನಾಯಿ
ತಲೆಯೆತ್ತಿ ನನ್ನನ್ನೊಮ್ಮೆ ನೋಡಿತು,
ಬೊಗಳಲಿಲ್ಲ,
ಮತ್ತೆ ಮಲಗಿತು.